ಐದು ಅಕ್ಷರದ ಊರು

ಹುಣಸೂರು
೧೨ ಜೂನ್ ೧೯೭೨

ಬೆಂಗಳೂರು ಕಚೇರಿಯ ಯಂತ್ರ ವಿಭಾಗದ ಶ್ರೀ ವೀರಭದ್ರಸ್ವಾಮಿಯವರಿಗೆ,

ವಂದನೆಗಳು. ಒಂದೇ ಸಂಸ್ಥೆಯಲ್ಲಿದ್ದರೂ ಇದುವರೆಗೆ ನಮ್ಮ ಪರಿಚಯ ಪಟ್ಟಿಗಳ ಮೂಲಕ ಮಾತ್ರ. ನಾನು ಇಲ್ಲಿನ ಕ್ಷಯರೋಗದ ಆಸ್ಪತ್ರೆಯಲ್ಲಿ ರೋಗಿಗಳ ಕಾರ್ಡುಗಳನ್ನು ನೋಡಿಕೊಳ್ಳುವವಳು.

ಪ್ರತಿ ತಿಂಗಳು ನಿಮ್ಮ ಯಂತ್ರ ಅಚ್ಚು ಹಾಕುವ ಪಟ್ಟಿ ನೋಡಿಯೇ ಇಲ್ಲಿ ಮಾತ್ರೆಯ ಪೊಟ್ಟಣ ಕಟ್ಟುತ್ತೇವೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪೊಟ್ಟಣವಿಲ್ಲ. ಕೋಟೆ ತಾಲ್ಲೂಕಿನಲ್ಲಿ ಚಿಕಿತ್ಸೆಯಲ್ಲಿರುವ ಹೆಂಗಸರು ಎಷ್ಟು ಎಂಬ ಪ್ರಶ್ನೆಗೆ ಮೇ ತಿಂಗಳ ಪಟ್ಟಿ ಅರವತ್ತೆರಡು ಎಂದಿತ್ತು. ಈ ತಿಂಗಳದ್ದು ಅರವತ್ತೊಂದು ಎನ್ನುತ್ತದೆ. ನನ್ನ ಮರದ ಪೆಟ್ಟಿಗೆಯಲ್ಲಿ ಅರವತ್ತೆರಡು ಕಾರ್ಡುಗಳಿವೆ. ನಡುವೆ ಯಾರೂ ಗುಣವಾಗಿ ಹೋಗಿಲ್ಲ, ಯಾರೂ ತೀರಿಕೊಂಡಿಲ್ಲ.

ಬಿಟ್ಟುಹೋದವಳು ಸೋಮಿ. ಸರಗೂರಿನಿಂದಾಚೆ ಕಾಡಂಚಿನ ಹತ್ತಿಹಾಡಿಯವಳು, ಇಪ್ಪತ್ತಾರು ವರ್ಷ. ಕಳೆದ ಜುಲೈಯಿಂದ ಒಂದು ತಿಂಗಳೂ ತಪ್ಪಿಸದೆ ಸರಗೂರಿಗೆ ನಡೆದು ಬಂದು ಮಾತ್ರೆ ಒಯ್ದಿದ್ದಾಳೆ. ಹದಿನೆಂಟು ತಿಂಗಳಲ್ಲಿ ಹನ್ನೊಂದು ಮುಗಿದಿವೆ. ಈಗ ಬಿಟ್ಟರೆ ಕಾಯಿಲೆ ಮರಳುವ ಭಯವಿದೆ. ದಯವಿಟ್ಟು ನೋಡಿ ತಿಳಿಸಿ.

ಯಶೋದಮ್ಮ


ಬೆಂಗಳೂರು
೨೪ ಜೂನ್ ೧೯೭೨

ಶ್ರೀಮತಿ ಯಶೋದಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಕಾರ್ಡುಗಳಲ್ಲಿ ರಂಧ್ರಗಳಿವೆ, ಯಂತ್ರ ರಂಧ್ರಗಳನ್ನು ಎಣಿಸುತ್ತದೆ. ಅದಕ್ಕೆ ಮರೆವಿಲ್ಲ, ಕಣ್ಣು ಮಂಜಾಗುವುದಿಲ್ಲ. ಕೈಯಲ್ಲಿ ಎಣಿಸುವ ಪೆಟ್ಟಿಗೆಗಳಲ್ಲಿ ಒಬ್ಬರದೇ ಎರಡು ಕಾರ್ಡುಗಳಿರುವುದು ಸಾಮಾನ್ಯ. ಒಮ್ಮೆ ಪರಿಶೀಲಿಸಿ.

ಜುಲೈ ಪಟ್ಟಿ ನಾಳೆ ಅಂಚೆಗೆ ಹೋಗುತ್ತದೆ. ಅದರಲ್ಲೂ ಅರವತ್ತೊಂದೇ ಇದೆ.

ವೀರಭದ್ರಸ್ವಾಮಿ


ಹುಣಸೂರು
೩ ಜುಲೈ ೧೯೭೨

ಶ್ರೀ ವೀರಭದ್ರಸ್ವಾಮಿಯವರಿಗೆ,

ನೀವು ಹೇಳಿದಂತೆ ಎಣಿಸಿದೆ. ಮೂರು ಸಲ. ಎರಡನೆಯ ಸಲ ಅರವತ್ತೊಂದು ಬಂದಾಗ ನಾಚಿಕೆಯಾಯಿತು. ಆಮೇಲೆ ನೋಡಿದರೆ ಒಂದು ಕಾರ್ಡು ಇನ್ನೊಂದರ ಬೆನ್ನಿಗೆ ಅಂಟಿಕೊಂಡಿತ್ತು. ಅರವತ್ತೆರಡು ಇವೆ, ಯಾರದೂ ಎರಡಿಲ್ಲ.

ಸರಗೂರಿನಲ್ಲಿ ಮಾತ್ರೆ ಹಂಚುವ ನಮ್ಮ ಕರಿಯಪ್ಪ ಕಳಿಸಿದ ಚೀಟಿ ಹೀಗಿದೆ: ‘ಅಮ್ಮಾವ್ರಿಗೆ, ಅತ್ತಿ ಆಡಿ ಸೋಮಿ ಬಂದಿದ್ದಳು. ಪೊಟ್ಣ ಇಲ್ಲ ಅಂದೆ. ಸಂಜೆ ಗಂಟ ಕುಂತಿದ್ದು ಓದಳು. ಮುಂದಿನ ತಿಂಗಳು ಬತ್ತದೆ ಅಂತ ನಾನೇ ಯೋಳಿ ಕಳ್ಸಿವ್ನಿ. ಬತ್ತದಾ.’

ಕರಿಯಪ್ಪನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಬರವಣಿಗೆಯಲ್ಲೂ ಅಷ್ಟೆ. ನಾನು ತಿದ್ದಿಕೊಂಡೇ ಓದುತ್ತೇನೆ. ಅವನ ಕೊನೆಯ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ.

ಒಂದು ಉಪಕಾರ ಮಾಡಿ. ಎಷ್ಟು ಜನ ಎಂದು ಕೇಳುವ ಬದಲು ಸೋಮಿ ಎಂಬ ಹೆಸರನ್ನೇ ಕೇಳಿ ಯಂತ್ರವನ್ನು ಓಡಿಸಿ ನೋಡಿ.

ಯಶೋದಮ್ಮ


ಬೆಂಗಳೂರು
೧೯ ಜುಲೈ ೧೯೭೨

ಶ್ರೀಮತಿ ಯಶೋದಮ್ಮನವರಿಗೆ,

ಬೇರೆ ಕೆಲಸ ನಿಲ್ಲಿಸಿ ಅರ್ಧ ದಿನ ನಿಮ್ಮ ಪ್ರಶ್ನೆಗೆ ಯಂತ್ರ ಓಡಿಸಿದೆ. ಸೋಮಿ, ಹತ್ತಿ, ಕೋಟೆ ತಾಲ್ಲೂಕು, ಹೆಂಗಸು ಎಂದು ಕೇಳಿದೆ. ಕಾರ್ಡು ತಕ್ಷಣ ಕೆಳಗೆ ಬಿತ್ತು. ಕಳೆದುಹೋಗಿಲ್ಲ.

ಆದರೆ ಅದರಲ್ಲಿ ‘ಚಿಕಿತ್ಸೆ ಪೂರ್ಣ, ಜನವರಿ ೧೯೭೨’ ಎಂದಿದೆ. ಗುಣವಾದವರ ಹೆಸರು ಮಾತ್ರೆ ಪಟ್ಟಿಗೆ ಬರುವುದಿಲ್ಲ. ನಿಮ್ಮ ಸೋಮಿ ಗುಣವಾಗಿದ್ದಾಳೆ. ಮಾತ್ರೆ ಬಿಟ್ಟರೆ ಏನಾಗುತ್ತದೋ ಎಂಬ ಹೆದರಿಕೆಯಿಂದ ಕೇಳುತ್ತಿರಬಹುದು. ಅಂಥವರು ಇರುತ್ತಾರೆ.

ಇನ್ನು ಈ ವಿಷಯ ಮುಗಿಯಿತೆಂದು ಭಾವಿಸುತ್ತೇನೆ.

ವೀರಭದ್ರಸ್ವಾಮಿ


ಹುಣಸೂರು
೨೭ ಜುಲೈ ೧೯೭೨

ಶ್ರೀ ವೀರಭದ್ರಸ್ವಾಮಿಯವರಿಗೆ,

ವಿಷಯ ಮುಗಿದಿಲ್ಲ.

ಹದಿನೆಂಟು ತಿಂಗಳ ಚಿಕಿತ್ಸೆಯನ್ನು ಜುಲೈಯಲ್ಲಿ ಶುರು ಮಾಡಿದವಳು ಜನವರಿಯಲ್ಲಿ ಹೇಗೆ ಮುಗಿಸುತ್ತಾಳೆ? ಇಷ್ಟು ಲೆಕ್ಕ ಯಂತ್ರಕ್ಕೆ ಬರುವುದಿಲ್ಲವೆ? ಒರಟಾಗಿ ಬರೆಯುತ್ತಿದ್ದೇನೆ, ಗೊತ್ತು. ಆದರೆ ಸೋಮಿಯ ತೂಕದ ಚೀಟಿ ಮುಂದಿಟ್ಟುಕೊಂಡು ಬೇರೆ ರೀತಿ ಬರೆಯಲು ಬರುತ್ತಿಲ್ಲ. ಮೇ ತಿಂಗಳಲ್ಲಿ ಮೂವತ್ತೊಂಬತ್ತು ಕಿಲೋ ಇದ್ದವಳು ಈಗ ಮೂವತ್ತಾರು.

ಮತ್ತೆ ನನ್ನನ್ನೇ ಅನುಮಾನಿಸಿಕೊಂಡು ಗುಣವಾದವರ ಪೆಟ್ಟಿಗೆಯನ್ನೂ ತೆಗೆದೆ. ನನ್ನ ಪೆಟ್ಟಿಗೆಗಳು ಊರಿನ ಹೆಸರಿನ ಅಕಾರಾದಿಯಲ್ಲಿವೆ. ‘ಹತ್ತಿ’ ಇರಬೇಕಾದ ಜಾಗದಲ್ಲಿ ಯಾವ ಸೋಮಿಯೂ ಇಲ್ಲ. ಒಂದೇ ಪ್ರಶ್ನೆಯನ್ನು ಹುಣಸೂರಿನಲ್ಲಿ ಕೇಳಿದರೆ ಸೋಮಿ ರೋಗಿ. ಬೆಂಗಳೂರಿನಲ್ಲಿ ಕೇಳಿದರೆ ಗುಣವಾದವಳು. ಕೇಳುವ ಊರು ಬದಲಾದರೆ ಶ್ವಾಸಕೋಶವೂ ಬದಲಾಗುತ್ತದೆಯೇ?

ನಮ್ಮ ಡಾಕ್ಟರನ್ನು ಕೇಳಿದೆ. ಪಟ್ಟಿಯಲ್ಲಿಲ್ಲದವರಿಗೆ ಕೊಟ್ಟರೆ ಇನ್ನೊಬ್ಬರ ಪೊಟ್ಟಣ ಕಡಿಮೆ ಬೀಳುತ್ತದೆ, ಪಟ್ಟಿ ಸರಿಮಾಡಿಸಿ ಎಂದರು. ಅವರ ಮಾತೂ ತಪ್ಪಲ್ಲ. ಎಲ್ಲರ ಮಾತೂ ಸರಿಯಾಗಿಯೇ ಇದೆ, ಮಾತ್ರೆ ಮಾತ್ರ ಇಲ್ಲ.

ನಿಮ್ಮ ಕಾರ್ಡಿನಲ್ಲಿ ವಯಸ್ಸು, ಗಂಡನ ಹೆಸರು ಏನಿದೆ ತಿಳಿಸಿ. ನನ್ನ ಕಾರ್ಡಿನಲ್ಲಿ ಗಂಡ ಕುಳ್ಳ, ವಯಸ್ಸು ಇಪ್ಪತ್ತಾರು.

ಯಶೋದಮ್ಮ


ಹುಣಸೂರು
೨೧ ಆಗಸ್ಟ್ ೧೯೭೨

ಶ್ರೀ ವೀರಭದ್ರಸ್ವಾಮಿಯವರಿಗೆ,

ಇಪ್ಪತ್ತೈದು ದಿನವಾಯಿತು, ಉತ್ತರವಿಲ್ಲ. ಆಗಸ್ಟ್ ಪಟ್ಟಿಯಲ್ಲೂ ಅರವತ್ತೊಂದು. ಈ ಸಲ ಸೋಮಿ ಸರಗೂರಿಗೆ ಬರಲೇ ಇಲ್ಲವಂತೆ. ಬಂದು ಬರಿಗೈಯಲ್ಲಿ ಹೋಗುವವಳ ಬಗ್ಗೆ ಇದ್ದ ಚಿಂತೆಗಿಂತ ಬಾರದವಳ ಬಗ್ಗೆ ಹೆಚ್ಚಾಗಿದೆ.

ಯಶೋದಮ್ಮ


ಬೆಂಗಳೂರು
೩೦ ಆಗಸ್ಟ್ ೧೯೭೨

ಶ್ರೀಮತಿ ಯಶೋದಮ್ಮನವರಿಗೆ,

ಯಂತ್ರದ ಬೆಲ್ಟು ಹರಿದು ಹನ್ನೆರಡು ದಿನ ಕೆಲಸ ನಿಂತಿತ್ತು ಎಂದು ಬರೆಯಬಹುದು. ಅದು ನಿಜವೇ. ಆದರೆ ಉತ್ತರ ಬರೆಯದಿದ್ದುದಕ್ಕೆ ಕಾರಣ ಅದಲ್ಲ.

ನೀವು ಕೇಳಿದ ವಯಸ್ಸು ನೋಡಿದೆ. ನನ್ನ ಕಾರ್ಡಿನ ಸೋಮಿಗೆ ನಲವತ್ತೊಂದು. ಗಂಡನ ಹೆಸರಿಗೆ ನಮ್ಮಲ್ಲಿ ಜಾಗವಿಲ್ಲ. ಊರಿನ ಹೆಸರಿಗೆ ಐದೇ ಅಕ್ಷರದ ಜಾಗ, ಆರನೆಯದರಿಂದ ಆಚೆಯದು ಬಿದ್ದುಹೋಗುತ್ತದೆ. ನೀವು ಕಳಿಸಿದ ಇಂಗ್ಲಿಷ್ ಫಾರಂಗಳ ಕಟ್ಟು ಹುಡುಕಿ ತೆಗೆದೆ. ಅದರಲ್ಲಿ ಇಬ್ಬರು ಸೋಮಿಯರಿದ್ದಾರೆ. ಒಬ್ಬಳು ಹಟ್ಟಿಮೂಲೆಯವಳು, ಇನ್ನೊಬ್ಬಳು ನಿಮ್ಮ ಹತ್ತಿಹಾಡಿಯವಳು. ಇಂಗ್ಲಿಷಿನಲ್ಲಿ ನಿಮ್ಮ ‘ಟ್ಟಿ’, ‘ತ್ತಿ’ ಎರಡೂ ಒಂದೇ ಆಗಿವೆ. ಐದಕ್ಷರಕ್ಕೆ ಕತ್ತರಿಸಿದರೆ ಎರಡೂ ಊರು ಎಚ್, ಎ, ಟಿ, ಟಿ, ಐ.

ನಿಮ್ಮ ಅಕಾರಾದಿಯಲ್ಲಿ ಹಟ್ಟಿ ಬೇರೆ, ಹತ್ತಿ ಬೇರೆ. ಹಾಗಾಗಿ ನಿಮಗೂ ಇನ್ನೊಬ್ಬಳು ಸಿಗಲಿಲ್ಲ.

ಮೇ ಕೊನೆಯಲ್ಲಿ ವರ್ಷದ ಶುದ್ಧೀಕರಣ ಎಂದು ನಡೆಯುತ್ತದೆ. ಹೆಸರು, ಊರು, ತಾಲ್ಲೂಕು ಒಂದೇ ಇದ್ದರೆ ಒಬ್ಬರೇ ಎಂದು ತಿಳಿದು ಹಳೆಯ ಕಾರ್ಡು ಇಟ್ಟುಕೊಂಡು ಹೊಸದನ್ನು ತೆಗೆಯುತ್ತೇವೆ. ಹಳ್ಳಿಯವರ ವಯಸ್ಸು ಪ್ರತಿ ಸಲವೂ ಬೇರೆ ಬರುತ್ತದೆಂದು ವಯಸ್ಸು ನೋಡುವುದಿಲ್ಲ. ನಿಮ್ಮ ಸೋಮಿಯ ಕಾರ್ಡನ್ನು ತೆಗೆದವನು ನಾನೇ. ಯಂತ್ರವಲ್ಲ. ಜೂನ್ ತಿಂಗಳಲ್ಲೇ ಒಮ್ಮೆ ಅನುಮಾನ ಬಂದಿತ್ತು. ನೋಡಬಾರದು ಅನಿಸಿತು, ನೋಡಲಿಲ್ಲ.

ಈಗ ಕಷ್ಟ ಇನ್ನೊಂದಿದೆ. ಹೆಸರೂ ಐದಕ್ಷರವೂ ಒಂದೇ ಇರುವ ಎರಡು ಕಾರ್ಡು ಹಾಕಲು ಮೇಲಿನವರು ಒಪ್ಪುತ್ತಿಲ್ಲ. ಹಾಡಿಗೆ ಬೇರೆ ಹೆಸರೇನಾದರೂ ಇದೆಯೇ? ಇದ್ದರೆ ಬೇಗ ತಿಳಿಸಿ.

ಹೆಸರುಗಳ ಕಷ್ಟ ನನಗೆ ಗೊತ್ತಿಲ್ಲವೆಂದು ಭಾವಿಸಬೇಡಿ. ನಾನು ಪಿರಿಯಾಪಟ್ಟಣದ ಬೆಟ್ಟದಪುರದವನು. ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ‘ಅಳ್ಳಿ’, ‘ಆಲು’ ಕೇಳಿ ಜೊತೆಯವರು ನಗುತ್ತಿದ್ದರು. ಅದಕ್ಕೆ ಅಕಾರ ಕಂಡಲ್ಲೆಲ್ಲ ಹಕಾರ ಹಚ್ಚತೊಡಗಿದೆ. ಒಂದು ದಿನ ಅಂಗಡಿಗೆ ಹೋಗಿ ‘ಎರಡು ಸೇರು ಹಕ್ಕಿ ಕೊಡಿ’ ಎಂದೆ. ಅಂಗಡಿಯವನು ‘ಹಾರೋದು ಬೇಕೋ, ಬೇಯ್ಸೋದು ಬೇಕೋ’ ಅಂದ. ಇವತ್ತಿಗೂ ಆ ಬೀದಿಯಲ್ಲಿ ಅಕ್ಕಿ ತರುವುದಿಲ್ಲ.

ವೀರಭದ್ರಸ್ವಾಮಿ


ಹುಣಸೂರು
೯ ಸೆಪ್ಟೆಂಬರ್ ೧೯೭೨

ಶ್ರೀ ವೀರಭದ್ರಸ್ವಾಮಿಯವರಿಗೆ,

ನಿಮ್ಮ ಪತ್ರ ಬಂದ ದಿನ ನಾಲ್ಕು ಪುಟದ ಉತ್ತರ ಬರೆದೆ. ಅದರಲ್ಲಿ ನಿಮ್ಮನ್ನು ಏನೇನು ಕರೆದಿದ್ದೆನೋ ಈಗ ಹೇಳುವುದು ಬೇಡ. ಮಡಿಚುವ ಮೊದಲು ನಿಮ್ಮದನ್ನು ಇನ್ನೊಮ್ಮೆ ಓದಿದೆ. ಕೊನೆಯ ಹಕ್ಕಿಯ ಬಳಿಗೆ ಬಂದಾಗ ನಗು ಬಂತು, ಅದರ ಹಿಂದೆಯೇ ಕರಿಯಪ್ಪನ ಹಳೆಯ ಚೀಟಿಗಳನ್ನು ಹುಡುಕಿ ತೆಗೆದೆ. ನನ್ನ ನಾಲ್ಕು ಪುಟ ಹರಿದುಹಾಕಿದೆ.

ಗುರುವಾರ ಬಸ್ಸಿನಲ್ಲಿ ಕೋಟೆಗೆ, ಅಲ್ಲಿಂದ ಸರಗೂರಿಗೆ ಹೋದೆ. ಹನ್ನೊಂದು ವರ್ಷದಿಂದ ಸರಗೂರಿನ ಕಾರ್ಡು ಬರೆಯುತ್ತಿದ್ದೇನೆ, ಸರಗೂರು ನೋಡಿದ್ದು ಇದೇ ಮೊದಲು. ಹಿಂದಿನ ದಿನವೇ ಹೇಳಿಕಳಿಸಿದ್ದರಿಂದ ಕರಿಯಪ್ಪ ಸೋಮಿಯನ್ನು ಕರೆತಂದಿದ್ದ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು, ಬೇಡವೆಂದೆ.

‘ನಿಮ್ಮ ಹಾಡಿಯಲ್ಲಿ ಹತ್ತಿ ಬೆಳೀತೀರಾ?’ ಎಂದು ಕೇಳಿದೆ.

ಅವಳು ಕರಿಯಪ್ಪನ ಮುಖ ನೋಡಿದಳು.

‘ಅರಳೆ ಕಣಮ್ಮಿ, ಬಟ್ಟೆ ನೇಯ್ತಾರಲ್ಲ, ಅದು’ ಎಂದ ಕರಿಯಪ್ಪ. ನನ್ನ ಕಡೆ ತಿರುಗಿ, ‘ಕಾಡೊಳ್ಗೆ ಅರಳೆ ಯಾರ್ ಬೆಳೀತಾರೆ ಅಮ್ಮಾವ್ರೇ? ಆನೆಗೆ ಆಸ್ಗೆ ಒಲ್ಸಾಕಾ?’

ಸೋಮಿ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತಾಯಿತು. ಆಮೇಲೆ ಹೇಳಿದಳು: ‘ಅತ್ತಿಮರ ಕಣವ್ವ. ಬುಡದಿಂದ ತುದಿ ಗಂಟ ಅಣ್ಣು ಅಂಟ್ಕೊಂಡಿರ್ತವಲ್ಲ, ಆ ಮರ. ನಮ್ಮಜ್ಜಿ ಉಟ್ಟಕ್ಕೂ ಮೊದ್ಲಿಂದ ಅದೆ.’

ಅತ್ತಿ. ಕರಿಯಪ್ಪ ಒಂದು ವರ್ಷದಿಂದ ಪ್ರತಿ ಚೀಟಿಯಲ್ಲೂ ಸರಿಯಾಗಿಯೇ ಬರೆದಿದ್ದ. ಅವನು ‘ಆಡಿ’ ಎಂದರೆ ನಾನು ಹಾಡಿ ಎಂದು ತಿದ್ದುತ್ತೇನೆ, ಅದು ಸರಿ. ‘ಅತ್ತಿ’ ಎಂದುದನ್ನೂ ಅದೇ ಕೈಯಲ್ಲಿ ತಿದ್ದಿದೆ. ಮೈಸೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು, ಕನ್ನಡವನ್ನು ಕೇಳಿ ಕಲಿತದ್ದಕ್ಕಿಂತ ಪುಸ್ತಕ ನೋಡಿ ಕಲಿತದ್ದು ಹೆಚ್ಚು. ಬೆಂಗಳೂರಿಗೆ ಕಳಿಸುವ ಇಂಗ್ಲಿಷ್ ಫಾರಂ ತುಂಬಲು ನಾನೇ ತಕ್ಕವಳೆಂದು ಎಲ್ಲರೂ ಅಂದಾಗ ಹೆಮ್ಮೆಯಾಗಿತ್ತು. ನೀವು ಅಂಗಡಿಯಲ್ಲಿ ಮಾಡಿದ್ದನ್ನು ನಾನು ಆಸ್ಪತ್ರೆಯಲ್ಲಿ ಮಾಡಿದೆ. ನಿಮಗೆ ನಗುವ ಅಂಗಡಿಯವನಿದ್ದ.

‘ಯಾಕೆ ಹೇಳಲಿಲ್ಲ ಕರಿಯಪ್ಪ?’ ಎಂದೆ.

‘ನೀವ್ ಓದ್ಕಂಡೋರು. ನಾನ್ ಎಂಗ್ ಬರುದ್ರೂ ನೀವ್ ಸರಿಯಾಗ್ ಬರ್ಕತೀರ ಅನ್ಕಂಡೆ.’

ಅವನು ವ್ಯಂಗ್ಯವಾಗಿ ಹೇಳಲಿಲ್ಲ. ಹೇಳಿದ್ದರೆ ಹಗುರವಾಗುತ್ತಿತ್ತು.

ಅವಳನ್ನು ನನ್ನ ಜೊತೆಗೇ ಇಲ್ಲಿಗೆ ಕರೆತಂದೆ, ನಮ್ಮ ಡಾಕ್ಟರು ನಿನ್ನೆ ಅವಳ ಕಫ ನೋಡಿದರು. ರೋಗಾಣು ಮತ್ತೆ ಕಂಡಿದೆ. ಹನ್ನೊಂದು ತಿಂಗಳ ಮಾತ್ರೆ ಲೆಕ್ಕಕ್ಕಿಲ್ಲ. ಮೊದಲಿನಿಂದ ಶುರುಮಾಡಬೇಕು, ತೊಂಬತ್ತು ದಿನ ದಿನಕ್ಕೊಂದು ಸೂಜಿ, ಆಮೇಲೆ ಮಾತ್ರೆ. ಸೋಮಿಗೆ ಅದನ್ನು ಹೇಳುವ ಕೆಲಸ ನಾನೇ ಕೇಳಿ ಪಡೆದೆ. ಏನು ತಪ್ಪಾಯಿತು, ಯಾರಿಂದ ಆಯಿತು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅವಳು ತೋಳು ತಿಕ್ಕಿಕೊಂಡಳು.

‘ಊರೆಸ್ರ ತಪ್ ಬರ್ದೋರು ನೀವು. ಸೂಜಿ ನಂಗಾ?’ ಎಂದಳು.

ಸೂಜಿಗೂ ಪಟ್ಟಿಯಲ್ಲಿ ಹೆಸರು ಬೇಕು. ಊರು ಅತ್ತಿಹಾಡಿ. ಎ ಇಂದ ಶುರು.

ಯಶೋದಮ್ಮ


ಬೆಂಗಳೂರು
೧೫ ಸೆಪ್ಟೆಂಬರ್ ೧೯೭೨

ಯಶೋದಮ್ಮನವರಿಗೆ,

ನಿಮ್ಮ ಪತ್ರ ನಿನ್ನೆ ಬಂತು.

ಅವಳ ಹೊಸ ಕಾರ್ಡಿಗೆ ನಾನೇ ಕೂತು ರಂಧ್ರ ಹಾಕಿದೆ. ಅತ್ತಿಹಾಡಿಯನ್ನು ಐದಕ್ಷರಕ್ಕೆ ಕತ್ತರಿಸಿದರೆ ಎ, ಟಿ, ಟಿ, ಐ, ಎಚ್. ನೀವು ಮುಂದೆ ಹಚ್ಚಿದ್ದ ಎಚ್ ತನ್ನ ಜಾಗ ಹುಡುಕಿಕೊಂಡು ಕೊನೆಗೆ ಹೋಗಿ ಕೂತಿದೆ. ಇನ್ನು ಅವಳು ಯಾರೊಂದಿಗೂ ಬೆರೆಯುವುದಿಲ್ಲ. ಅಕ್ಟೋಬರ್ ಪಟ್ಟಿಗೆ ಕಾಯದೆ ಅವಳ ಒಂದು ಸಾಲನ್ನು ಅಚ್ಚು ಹಾಕಿಸಿ, ಮೇಲಿನವರ ಸಹಿ ಹಾಕಿಸಿ ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಡಾಕ್ಟರಿಗೆ ಇದು ಸಾಕು.

ಸಹಿ ಹಾಕುವಾಗ ಅವರು ‘ಎಲ್ಲ ಒಂದು ಅಕ್ಷರಕ್ಕೇನ್ರೀ’ ಎಂದರು. ಹೌದೆಂದೆ.

ಇನ್ನೊಂದು ವಿಷಯ. ಮೇ ತಿಂಗಳಲ್ಲಿ ಹೀಗೆ ತೆಗೆದ ಕಾರ್ಡುಗಳು ಸೋಮಿಯದನ್ನು ಬಿಟ್ಟು ನಲವತ್ಮೂರು. ಎಸೆದಿಲ್ಲ, ಬೀರುವಿನ ಕೆಳಗಿನ ಖಾನೆಯಲ್ಲಿ ಕಟ್ಟಿಟ್ಟಿದ್ದೆ. ಅವುಗಳ ಹೆಸರು ಬರೆದು ಕಳಿಸುತ್ತಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ನಾಲ್ಕೂ ಕಡೆಯವರಿದ್ದಾರೆ. ನಿಮ್ಮ ಪೆಟ್ಟಿಗೆಯೊಂದಿಗೆ ಹೋಲಿಸಿ ನೋಡಿ. ಮಾರ, ಮರ ಎಂಬಿಬ್ಬರು ಇಂಗ್ಲಿಷಿನಲ್ಲಿ ಒಬ್ಬನೇ ಆಗಿರುವಂತಿದೆ. ಈ ಸಲ ನಿಮ್ಮ ಪೆಟ್ಟಿಗೆ ಹೇಳಿದಂತೆ ನನ್ನ ಯಂತ್ರ ಕೇಳಲಿ.

ವೀರಭದ್ರಸ್ವಾಮಿ


ಹುಣಸೂರು
೬ ಅಕ್ಟೋಬರ್ ೧೯೭೨

ವೀರಭದ್ರಸ್ವಾಮಿಯವರಿಗೆ,

ನಲವತ್ಮೂರರಲ್ಲಿ ಮೂವತ್ತೇಳು ನಿಜವಾಗಿಯೂ ಎರಡೆರಡು ಸಲ ಬರೆದವೇ. ಅವು ಹೋದದ್ದು ಸರಿ. ಉಳಿದ ಆರು ಬೇರೆ ಬೇರೆ ಜನ. ನಾಲ್ವರನ್ನು ಹುಡುಕಿ ಮತ್ತೆ ಪಟ್ಟಿಗೆ ಸೇರಿಸಬೇಕೆಂದು ಗುರುತು ಮಾಡಿದ್ದೇನೆ. ಕೃಷ್ಣರಾಜನಗರದ ಚಿಕ್ಕಬೀರಮ್ಮ ಆಗಸ್ಟಿನಲ್ಲಿ ತೀರಿಕೊಂಡರಂತೆ. ಎಂಬತ್ತರ ಹತ್ತಿರದವರು, ಮಾತ್ರೆ ಇದ್ದರೂ ಹೋಗುತ್ತಿದ್ದರು ಎಂದು ನಮ್ಮ ಡಾಕ್ಟರು ಹೇಳಿದರು. ಅವರು ದಯೆಯಿಂದ ಹೇಳಿದ್ದು. ನಾನದನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ. ಆರನೆಯವನು ನೀವು ಬರೆದಿದ್ದ ಮರ. ಕೆಲಸ ಹುಡುಕಿಕೊಂಡು ಕೊಡಗಿನ ಕಡೆ ಹೋದನಂತೆ. ಇನ್ನೂ ಸಿಕ್ಕಿಲ್ಲ.

ನನ್ನ ಪೆಟ್ಟಿಗೆಯಲ್ಲಿ ನಾನು ಹಕಾರ ಹಚ್ಚಿದ ಹೆಸರುಗಳನ್ನು ಹುಡುಕುತ್ತಿದ್ದೇನೆ. ಇದುವರೆಗೆ ಹತ್ತೊಂಬತ್ತು ಸಿಕ್ಕಿವೆ. ಎಷ್ಟನ್ನು ಸರಿಯಾಗಿ ತಿದ್ದಿದ್ದೆ, ಎಷ್ಟನ್ನು ಕೆಡಿಸಿದ್ದೆ ಎಂದು ಇಲ್ಲೇ ಕೂತು ತಿಳಿಯುವಂತಿಲ್ಲ. ಒಂದೊಂದು ಊರಿಗೂ ಹೋಗಿ ಅವರ ಬಾಯಲ್ಲೇ ಕೇಳಬೇಕು. ತಿಂಗಳಿಗೆ ಎರಡು ದಿನ ರಜೆ ಬರೆದಿದ್ದೇನೆ.

ಸೋಮಿ ಮೊದಲ ಮೂರು ದಿನ ಸರಗೂರಿಗೆ ಸೂಜಿಗೆ ಬರಲಿಲ್ಲ. ನಾಲ್ಕನೆಯ ದಿನ ಗಂಡ ಕುಳ್ಳನ ಜೊತೆ ಬಂದಳು. ಈಗ ದಿನವೂ ಬರುತ್ತಾಳೆ. ಹೋಗಿ ಬರಲು ದಿನಕ್ಕೆ ಒಂಬತ್ತು ಮೈಲಿ. ನಾನು ಇವತ್ತು ಬೆಳಗ್ಗೆ ಅಲ್ಲಿಗೆ ಹೋಗಿದ್ದೆ. ಅವಳು ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಮಾತಾಡಬೇಕೆಂದು ನಾನು ಕೇಳುವಂತೆಯೂ ಇಲ್ಲ.

ಸೂಜಿ ಹಾಕಿಸಿಕೊಂಡು ಹೊರಡುವಾಗ ಮಾತ್ರ ಹಿಂದಿರುಗಿ, ‘ನಿಮ್ಮೆಸ್ರೇನು?’ ಎಂದಳು. ಹೇಳಿದೆ.

‘ಎಸೋದವ್ವ’ ಎಂದಳು. ‘ತಿರ್ಗಾ ಪಟ್ಟಿಯಿಂದ ಬಿಟ್ರೆ ಯಾರ್ನ್ ಕೇಳ್ಬೇಕು ಅಂತ ಗೊತ್ತಿರ್ಬೇಕಲ್ಲ.’

ಕರಿಯಪ್ಪ ಅದನ್ನು ಕೇಳಿಸಿಕೊಂಡು, ಅವಳ ಚೀಟಿಯ ಹಿಂದೆ ‘ಉಣ್ಸೂರು, ಎಸೋದವ್ವ’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟ. ನನ್ನ ಕೈ ತಾನಾಗಿಯೇ ಪೆನ್ನಿಗೆ ಹೋಯಿತು. ಕ್ಯಾಪು ತೆಗೆದವಳು ಮತ್ತೆ ಹಾಕಿದೆ.

ಇವತ್ತಿನದು ಹದಿನಾಲ್ಕನೆಯ ಸೂಜಿ. ಇನ್ನು ಎಪ್ಪತ್ತಾರು.

ಯಶೋದಮ್ಮ